ಯಾರ ಮನೆ ಫೋನು?

ನಮ್ಮ ಶಿರಸಿ ಸೀಮೆಯವರಿಗೆ ಒಂದು ಪ್ರಶ್ನೆಗೆ ಉತ್ತರ ಸಿಗುವ ತನಕ ಮುಂದಿನ ಮಾತೇ ಹೊರಡುವುದಿಲ್ಲ. ‘ಯಾರ ಮನೆ ಆತು?’ ಎಂಬುದೇ ಆ ಪ್ರಶ್ನೆ. ಬಸ್ಸಿನಲ್ಲಿ ಪಕ್ಕ ಕೂತವನನ್ನು ಕೇಳುತ್ತೇವೆ, ಆಸ್ಪತ್ರೆಯಲ್ಲಿ ಪಕ್ಕದ ಮಂಚದವನನ್ನು ಕೇಳುತ್ತೇವೆ. ಸಂತೆಯಲ್ಲಿ ಸೌತೆಕಾಯಿ ಕಹಿಯೋ ಅಲ್ಲವೋ ಎಂದು ವಿಚಾರಿಸುವ ಮೊದಲು ಮಾರುವವಳ ಊರು ವಿಚಾರಿಸುತ್ತೇವೆ. ಊರು ಗೊತ್ತಿದ್ದದ್ದಾದರೆ ಕಾಯಿ ಕಹಿ ಇರಲಾರದು ಎಂದೊಂದು ನಂಬಿಕೆ. ಮನೆಗೆ ತಂದು ಹೆಚ್ಚಿದರೆ ಕಹಿಯೇ. ಆದರೂ ಮುಂದಿನ ವಾರ ಅವಳ ಹತ್ತಿರವೇ ಹೋಗುತ್ತೇವೆ. ಪರಿಚಯ ಆಗಿಹೋಯಿತಲ್ಲ, ಬಿಡುವುದು ಹೇಗೆ?

ಆನ್‌ಲೈನಿನಲ್ಲಿ ಹಳೆಯ ಫೋನು ಕೊಳ್ಳುವಾಗ ಮೋಸ ಹೋಗದಿರುವುದು ಹೇಗೆ ಎಂದು ಯಾರಾದರೂ ಕೇಳಿದರೆ ಈಗ ನಾನು ನಿಂತ ಕಾಲಲ್ಲಿ ಪಾಠ ಮಾಡಬಲ್ಲೆ. ಮುಂಗಡ ಕಳಿಸಬೇಡಿ. ಹಗಲು ಹೊತ್ತು, ನಾಲ್ಕು ಜನ ಓಡಾಡುವ ಜಾಗದಲ್ಲಿ ಭೇಟಿಯಾಗಿ. ಮೂಲ ಬಿಲ್ಲು ಕೇಳಿ, ಅದರ ಮೇಲಿನ ನಂಬರೂ ಫೋನಿನೊಳಗಿನ ನಂಬರೂ ತಾಳೆಯಾಗುತ್ತದೋ ನೋಡಿ. ಹಳೆಯ ಯಜಮಾನ ತನ್ನ ಖಾತೆ ತೆಗೆದಿದ್ದಾನೋ ಇಲ್ಲವೋ ನೋಡಿ, ಇಲ್ಲದಿದ್ದರೆ ಫೋನು ನಿಮ್ಮ ಕಿಸೆಯಲ್ಲಿದ್ದೂ ಅವನದೇ ಆಗಿರುತ್ತದೆ. ನಿಮ್ಮ ಸಿಮ್ಮು ಹಾಕಿ, ಚಾರ್ಜರು ಚುಚ್ಚಿ, ಹಿಂದಿನ ಕ್ಯಾಮೆರಾ ಮುಂದಿನ ಕ್ಯಾಮೆರಾ ಎರಡನ್ನೂ ತೆರೆದು ನೋಡಿ, ಆಮೇಲೆ ದುಡ್ಡು ಕೊಡಿ. ಈ ಪಾಠವನ್ನು ನಾನು ಏಟು ತಿಂದು ಕಲಿತೆ ಎಂದುಕೊಂಡಿರೇನು? ಅಲ್ಲ ಮಾರಾಯ್ರೆ. ಕೊಳ್ಳುವ ಮೊದಲೇ ನನಗೆ ಎಲ್ಲ ಗೊತ್ತಿತ್ತು. ಬಸ್ಸಿನಲ್ಲಿ ಯಲ್ಲಾಪುರದ ತನಕ ಮಂತ್ರದ ಹಾಗೆ ಮನಸ್ಸಿನಲ್ಲೇ ಹೇಳಿಕೊಂಡು ಹೋಗಿದ್ದೆ.

ಫೋನು ಬೇಕಾಗಿದ್ದು ಅಕ್ಕನ ಸಲುವಾಗಿ. ನನ್ನ ಅಕ್ಕ ಸಾವಿತ್ರಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ತನ್ನ ಹೆಸರು ಸಾವಿತ್ರಿ ಎಂಬುದನ್ನೂ ಅವಳು ಒಂದು ಸಲವೂ ಕೇಳಿದವಳಲ್ಲ. ಸಿದ್ದಾಪುರದ ಕಡೆ ಹೇರೂರಿಗೆ ಮದುವೆಯಾಗಿ ಹೋದಳು. ಭಾವ ಈಗಿಲ್ಲ. ಮೈದುನನ ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆ, ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಊಟ, ಸ್ನಾನ, ಮಾತ್ರೆ, ಮಲಗು ಇಷ್ಟು ಕೈಸನ್ನೆ ಬಿಟ್ಟರೆ ಅವರಿಗೆ ಬೇರೆ ಬರುವುದಿಲ್ಲ. ಅಷ್ಟರಲ್ಲಿ ಬದುಕಬಹುದು, ಸುದ್ದಿ ಹೇಳಲಿಕ್ಕಾಗುವುದಿಲ್ಲ.

ಅಕ್ಕನ ಭಾಷೆ ಯಾವ ಶಾಲೆಯದೂ ಅಲ್ಲ. ಅಮ್ಮ, ಅಕ್ಕ, ನಾನು ಮೂವರೂ ಅಡುಗೆಮನೆಯಲ್ಲಿ ಕೂತು ಕಟ್ಟಿಕೊಂಡ ಭಾಷೆ. ಮೂಗುತಿಯ ಜಾಗ ಮುಟ್ಟಿದರೆ ಅಮ್ಮ. ಬಾಯಲ್ಲಿ ಹೆಬ್ಬೆರಳಿಟ್ಟರೆ ನಾನು. ಚಿಕ್ಕಂದಿನಲ್ಲಿ ಹೆಬ್ಬೆರಳು ಚೀಪುತ್ತಿದ್ದ ತಪ್ಪಿಗೆ, ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ತಲೆ ನೆರೆತ ಮೇಲೂ ನನಗೆ ಅದೇ ಹೆಸರು. ನಮ್ಮ ಮನೆ ಎನ್ನಲು ಎಡಭುಜ, ಅವಳ ಗಂಡನ ಮನೆ ಎನ್ನಲು ಬಲಭುಜ. ಕೆಲಸಕ್ಕೆ ಬಾರದ ವಸ್ತು ಯಾವುದೇ ಇರಲಿ, ತೂತುಬಿದ್ದ ಕೊಡವೋ ಮುರಿದ ಕೊಡೆಯೋ, ಅಕ್ಕ ತನ್ನ ಕಿವಿ ಮುಟ್ಟಿ ಕೈ ಕೊಡವಿಬಿಡುತ್ತಾಳೆ. ಅಮ್ಮ ಹೋದ ಮೇಲೆ ಈ ಭಾಷೆ ಬಲ್ಲವರು ಜಗತ್ತಿನಲ್ಲಿ ನಾವಿಬ್ಬರೇ. ಸಂಸ್ಕೃತವನ್ನು ಸತ್ತ ಭಾಷೆ ಎಂದು ಹಂಗಿಸುವವರ ಜೊತೆ ನಾನು ಜೀವಮಾನವಿಡೀ ಜಗಳವಾಡಿದೆ. ಸಾಯುತ್ತಿರುವ ಭಾಷೆ ಎಂದರೆ ಏನೆಂದು ನಿಜಕ್ಕೂ ಗೊತ್ತಾದದ್ದು ಇತ್ತೀಚೆಗೆ.

ಯಾಕೆಂದರೆ ಅಕ್ಕನ ಕಣ್ಣು ಹೋಗುತ್ತಿದೆ. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ಕಣ್ಣಿನೊಳಗಿನ ಒತ್ತಡ, ನರವನ್ನೇ ತಿನ್ನುತ್ತದಂತೆ. ಅಂಚಿನಿಂದ ಕತ್ತಲೆ ಒಳಗೆ ಬರುತ್ತದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಆದಷ್ಟು ದಿನ ಕಾಯ್ದುಕೊಳ್ಳಿ ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ಅವರು ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದರು. ಈ ಸುದ್ದಿಯನ್ನು ಅಕ್ಕನಿಗೆ ಕೈಯಲ್ಲಿ ತಿಳಿಸಿದವನು ನಾನೇ. ಇನ್ನಾರಿಗೆ ಬರುತ್ತದೆ?

ಆಮೇಲಿಂದ ಸಂಜೆಯ ವಿಡಿಯೊ ಕರೆ ನಮಗೆ ಸಂಧ್ಯಾವಂದನೆಯಾಯಿತು. ಹೇರೂರಿನ ಮನೆಯಲ್ಲಿ ವೈಫೈ ಇದೆ. ಅಲ್ಲಿಯ ಸೊಸೆ ವೀಣಾ ದೀಪ ಹಚ್ಚಿದ ಮೇಲೆ ಫೋನನ್ನು ಅವಲಕ್ಕಿ ಡಬ್ಬಿಗೆ ಒರಗಿಸಿ ಇಟ್ಟು, ಅಕ್ಕನನ್ನು ಎದುರು ಕೂರಿಸಿ ಹೋಗುತ್ತಾಳೆ. ದಿನದ ಸುದ್ದಿಯೆಲ್ಲ ಅಕ್ಕನ ಕೈಯಿಂದ ಸುರಿಯುತ್ತದೆ. ಹೀಗಿರುವಾಗ ಒಂದು ದಿನ ಇಸಳೂರಿನ ನಮ್ಮ ಮನೆಯ ತಿರುವಿನಲ್ಲಿ ಸ್ಕೂಟರಿನಿಂದ ನನ್ನ ಫೋನು ಬಿತ್ತು, ಹಿಂದಿನಿಂದ ಬಂದ ಬಸ್ಸು ಅದರ ಮೇಲೆಯೇ ಹೋಯಿತು. ಹೆಂಡತಿ ಶಾರದೆಯದು ಗುಂಡಿ ಒತ್ತುವ ಫೋನು. ಖಾಸಗಿ ಶಾಲೆಯ ನಿವೃತ್ತ ಮೇಷ್ಟರ ಕೈಗೆ ಹೊಸದು ಎಟಕುವುದಿಲ್ಲ. ಹಾಗಾಗಿ ಪಕ್ಕದ ಮನೆಯವರ ಫೋನಿನಲ್ಲಿ ಹಳೆಯ ಸಾಮಾನಿನ ಜಾಲತಾಣ ಜಾಲಾಡಿ, ಯಲ್ಲಾಪುರದಲ್ಲೊಂದು ಫೋನು ಹಿಡಿದೆ. ಫೋಟೊದಲ್ಲಿ ಮದುಮಗನ ಹಾಗಿತ್ತು.

ನಂಬರಿಗೆ ಕರೆ ಮಾಡಿದೆ. ‘ಶ್ರೀಪಾದ ಮಾತಾಡದು’ ಎಂದಿತು ಆಚೆಯ ದನಿ. ನಮ್ಮ ಸೀಮೆಯದೇ ಮಾತು! ಫೋನಿಗೆ ಎಷ್ಟು ವರ್ಷವಾಯಿತು ಎಂದು ಕೇಳಬೇಕಿದ್ದ ನನ್ನ ಬಾಯಿಂದ ತಾನಾಗಿ ಹೊರಟಿತು: ‘ಯಾರ ಮನೆ ಆತು?’

ಕೆಲಸ ಕೆಟ್ಟದ್ದು ಅಲ್ಲಿಯೇ. ಅವನು ಊರು ಹೇಳಿದ, ನಾನು ಆ ಊರಿನ ಇನ್ನೊಬ್ಬರ ಹೆಸರು ಹೇಳಿದೆ, ಅವನು ಅವರ ಅಳಿಯನ ಹೆಸರು ಹೇಳಿದ. ಫೋನು ಇಡುವಷ್ಟರಲ್ಲಿ ನಾನು ‘ಭಾವ’ ಆಗಿದ್ದೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಗೋಣ ಎಂದು ಪಾಠದ ಪ್ರಕಾರವೇ ಗೊತ್ತು ಮಾಡಿದ್ದೆ. ಅವನು ಬೈಕು ತಂದು ಎದುರು ನಿಲ್ಲಿಸಿ, ‘ಭಾವ, ಹೋಟ್ಲಲ್ಲಿ ಎಂತಕ್ಕೆ? ಆಯಿ ಮನೇಲಿ ಕಾಯ್ತಾ ಇದ್ದು’ ಎಂದ. ನೆಂಟರ ಮನೆಗೆ ಬರುವುದಿಲ್ಲ ಎಂದು ಹೇಳಲು ಬರುವವರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಅವನ ತಾಯಿ ಮೊದಲು ಆಸರಿಗೆ ಎಂದು ಬಾಯಾರಿಕೆಗೆ ಮಜ್ಜಿಗೆ ಕೊಟ್ಟರು, ಆಮೇಲೆ ಬಾಳೆ ಎಲೆ ಹಾಕಿದರು. ತೊಡೆದೇವು ಬಂತು, ಮೇಲೆ ಎರಡು ಸಲ ತುಪ್ಪ ಬಂತು. ‘ನಿಂಗಳ ಅತ್ತೆಮನೆಗೂ ಯಮ್ಮನೆಗೂ ಹತ್ರದ ನೆಂಟಸ್ತಿಕೆ ಅಲ್ದ! ಅದು ಬಿಟ್ಟು ಹೊರಗಿನವ್ರ ಹಾಂಗೆ ಹೋಟ್ಲಲ್ಲಿ ಕೂತ್ಕಂಬದಾ?’ ಎಂದು ಗದರಿದರು. ಎಲೆ-ಅಡಿಕೆಯ ಕವಳದ ಬಟ್ಟಲು ಬಂದ ಮೇಲೆ ಶ್ರೀಪಾದ ಫೋನು ತಂದು ಅದರ ಪಕ್ಕದಲ್ಲೇ ಇಟ್ಟ. ನಾನು ಕೈಗೆತ್ತಿಕೊಂಡದ್ದೇ ತಡ, ತಾಯಿ ಹೇಳಿದರು: ‘ನೋಡದೆಂತದು? ಯಮ್ಮನೆ ಮಾಣಿ ಸುಳ್ಳು ಹೇಳ್ತ್ನಿಲ್ಲೆ.’

ನೀವೇ ಹೇಳಿ, ಆ ಮನೆಯ ತುಪ್ಪ ಇನ್ನೂ ತುಟಿಯ ಮೇಲಿರುವಾಗ, ಆ ತಾಯಿಯ ಎದುರು, ಬಿಲ್ಲು ತೋರಿಸು, ಕದ್ದ ಮಾಲು ಅಲ್ಲವಷ್ಟೆ ಎಂದು ಕೇಳುವುದು ಹೇಗೆ? ನಮ್ಮ ಅಲಂಕಾರಶಾಸ್ತ್ರದಲ್ಲಿ ದಕ್ಷಿಣ ನಾಯಕ ಎಂದು ಒಬ್ಬನಿದ್ದಾನೆ. ಹಲವು ಹೆಂಡಿರಿದ್ದೂ ಯಾರ ಮನಸ್ಸನ್ನೂ ನೋಯಿಸಲಾರದವನು. ಮಕ್ಕಳಿಗೆ ಪಾಠ ಮಾಡುವಾಗ ಅವನನ್ನು ನೋಡಿ ನಗುತ್ತಿದ್ದೆ. ನನಗೆ ಇರುವವಳು ಒಬ್ಬಳೇ ಹೆಂಡತಿ, ಆದರೆ ದಾಕ್ಷಿಣ್ಯ ಮಾತ್ರ ಊರಿನ ಎಲ್ಲರ ಮೇಲೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲಿಕ್ಕೆ ಜಾಗವಿಲ್ಲ ಎಂಬ ಗಾದೆಯನ್ನು ಕಟ್ಟಿದವರು ಬಹುಶಃ ನಮ್ಮ ಕಡೆಯಿಂದ ಹೆಣ್ಣು ತಂದವರೇ ಇರಬೇಕು.

ಆದರೂ ಒಂದು ಪರೀಕ್ಷೆ ಮಾಡಿದೆ, ಸುಳ್ಳು ಹೇಳುವುದಿಲ್ಲ. ಸಿಮ್ಮು ಹಾಕಿ ಶಾರದೆಗೆ ಕರೆ ಮಾಡಿ ‘ಹಲೋ’ ಎಂದೆ. ಅವಳೂ ‘ಹಲೋ’ ಎಂದಳು. ‘ಕೇಳ್ತಾ?’ ಎಂದೆ. ‘ಗಂಟೆ ಹೊಡೆದ ಹಾಂಗೆ ಕೇಳ್ತು’ ಎಂದಳು. ಅಷ್ಟಾದದ್ದೇ ನನಗೆ ಪರಮ ಸಂತೋಷವಾಗಿ, ಬೆಲೆಯಲ್ಲಿ ಚೌಕಾಶಿಯನ್ನೂ ಮಾಡದೆ ಎದ್ದೆ. ಕಿವಿ ಕೇಳದ ಅಕ್ಕನ ಜೊತೆ ಮಾತಾಡಲು ಕೊಂಡ ಫೋನಿನಲ್ಲಿ, ಕೇಳುತ್ತದೋ ಇಲ್ಲವೋ ಎಂದಷ್ಟೇ ನೋಡಿ ಬಂದ ಪಂಡಿತ ನಾನು. ಈ ತರಹದ ಬುದ್ಧಿವಂತರನ್ನು ದೇವರು ಅಪರೂಪಕ್ಕೆ ಸೃಷ್ಟಿಸುತ್ತಾನೆ.

ಸಂಜೆ ಅಕ್ಕನಿಗೆ ಕರೆ ಮಾಡಿದೆ. ತೆರೆಯ ಮೇಲೆ ಅವಳು ಮೂಡಿದಳು. ಎಂಥ ಚಿತ್ರ ಅಂತೀರಿ! ಹಣೆಯಲ್ಲಿ ಮೊದಲು ಕುಂಕುಮವಿದ್ದ ಜಾಗದ ಕಲೆಯೂ ಕಾಣುವಷ್ಟು ಸ್ಪಷ್ಟ. ನಾನು ಖುಷಿಯಿಂದ ಹೆಬ್ಬೆರಳನ್ನು ಬಾಯಿಗಿಟ್ಟು, ನಾನು ಬಂದೆ ಎಂದೆ. ಅಕ್ಕ ನಗಲಿಲ್ಲ. ಮುಖ ಮುಂದೆ ತಂದಳು. ಕಣ್ಣು ಉಜ್ಜಿಕೊಂಡಳು. ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ನಾನು ಕೈ ಬೀಸಿದೆ. ಅವಳು ತನ್ನದೇ ಅಂಗೈಯನ್ನು ಮುಖದ ಎದುರು ಹಿಡಿದು, ಒಂದೊಂದೇ ಬೆರಳು ಮಡಚಿ ಬಿಡಿಸಿ ನೋಡಿಕೊಳ್ಳತೊಡಗಿದಳು. ನನಗೆ ಆಗ ತಿಳಿಯಿತು. ಮುಂದಿನ ಕ್ಯಾಮೆರಾ ಸತ್ತಿದೆ, ಅವಳ ತೆರೆಯಲ್ಲಿ ನನ್ನ ಮುಖ ಇರಬೇಕಾದಲ್ಲಿ ಬರಿ ಕಪ್ಪು. ಡಾಕ್ಟರು ಹೇಳಿದ ಕತ್ತಲೆ ಬಂದೇಬಿಟ್ಟಿತು ಎಂದು ಅವಳು ತಿಳಿದುಕೊಂಡಿದ್ದಳು.

ನಾನು ಕೂಗಿದೆ. ‘ಅಕ್ಕಾ, ನಿನ್ನ ಕಣ್ಣಲ್ಲ, ಫೋನು! ಫೋನು ಹಾಳು!’ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಬೀದಿಯ ಆಚೆಯ ಮನೆಯವರು ದೀಪ ಹಾಕಿದರು. ಶಾರದೆ ಒಳಗಿಂದ ಓಡಿ ಬಂದು, ‘ಎಂತಕ್ಕೆ ಕೂಗ್ತ್ರಿ? ಅತ್ತಿಗೆಗೆ ಕೇಳ್ತಾ?’ ಎಂದಳು. ಜಗತ್ತಿಗೆಲ್ಲ ಕೇಳುತ್ತಿತ್ತು, ಕೇಳಬೇಕಾದವಳಿಗೆ ಇಲ್ಲ. ಶಾರದೆ ತನ್ನ ಫೋನಿನಿಂದ ಹೇರೂರಿನವರಿಗೆ ಹೊಡೆದಳು. ಯಾರೂ ಎತ್ತಲಿಲ್ಲ, ಹಾಲು ಕರೆಯುವ ಹೊತ್ತು. ಅಷ್ಟರಲ್ಲಿ ಅಕ್ಕ ಅಳಲು ಶುರುಮಾಡಿದ್ದಳು. ಅವಳ ಅಳುವಿಗೆ ಒಂದು ಸ್ವರ ಇದೆ, ಅದನ್ನು ಅವಳು ಕೇಳಿಲ್ಲ, ಕೇಳಿದವರು ಮರೆಯುವುದಿಲ್ಲ. ಅಳುತ್ತಲೇ ಕತ್ತಲೆಗೆ ಕೈಯಲ್ಲಿ ಕೇಳುತ್ತಿದ್ದಳು: ಇದ್ದೀಯಾ? ಇದ್ದೀಯಾ? ಎದುರಿಗೇ ಇದ್ದೆ ನಾನು. ಇದ್ದೇನೆ ಎಂದು ಹೇಳಲು ಬೇಕಾದ ಎರಡೂ ಕೈ ಇದ್ದವು, ಏನು ಮಾಡಲಿ?

ಹೊಸ ಫೋನಿನಲ್ಲಿ ಯಾವ ಗುರುತು ಎಲ್ಲಿದೆ ಎಂದು ಗೊತ್ತಿಲ್ಲದೆ ಸಿಕ್ಕಿದ್ದೆಲ್ಲ ಒತ್ತಿದೆ. ಒಂದು ಕಡೆ ಒತ್ತಿದಾಗ ಹಿಂದಿನ ಕ್ಯಾಮೆರಾ ತೆರೆಯಿತು. ಫೋನಿನ ಬೆನ್ನು ನೆಲದ ಕಡೆಗಿತ್ತು, ಹಾಗಾಗಿ ಅಕ್ಕನಿಗೆ ಕಂಡದ್ದು ನಮ್ಮ ಮನೆಯ ಕೆಂಪು ನೆಲ ಮತ್ತು ನನ್ನ ಬಲಗಾಲು. ಚಿಕ್ಕಂದಿನಲ್ಲಿ ಎಡವಿ ಉಗುರು ಸೊಟ್ಟಗೆ ಬೆಳೆದ ಹೆಬ್ಬೆರಳು. ಆ ಗಾಯಕ್ಕೆ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದವಳು ಅವಳೇ. ಅಳು ನಿಂತಿತು. ತೆರೆಯ ಮೇಲೆ ಬೆರಳಿಟ್ಟು ಆ ಉಗುರನ್ನು ಸವರಿದಳು. ನನ್ನ ಕಾಲನ್ನು ಯಾರೂ ಅಷ್ಟು ಪ್ರೀತಿಯಿಂದ ನೋಡಿದ್ದು ನನಗೆ ನೆನಪಿಲ್ಲ.

ಮರುದಿನ ಶ್ರೀಪಾದನಿಗೆ ಕರೆ ಮಾಡಿ, ಮುಂದಿನ ಕ್ಯಾಮೆರಾ ಇಲ್ಲವಲ್ಲೋ ಎಂದೆ. ಅವನು ತಡಬಡಿಸಲೂ ಇಲ್ಲ. ‘ನಿಂಗ ಸೆಲ್ಫಿ ತೆಗೆಯವ್ರಲ್ಲ ಹೇಳಿ ಆನು ಆ ಸುದ್ದಿ ಎತ್ತಿದ್ನಿಲ್ಲೆ ಭಾವ’ ಎಂದ. ಇದನ್ನು ಮೋಸ ಎನ್ನಬೇಕೋ, ನನ್ನ ವಯಸ್ಸಿಗೆ ತೋರಿಸಿದ ಗೌರವ ಎನ್ನಬೇಕೋ! ಹಣ ವಾಪಸು ಕೇಳು ಎಂದಳು ಶಾರದೆ. ಕೇಳಬಹುದಿತ್ತು. ಆದರೆ ನಾಳೆ ಯಾವುದೋ ಉಪನಯನದ ಪಂಕ್ತಿಯಲ್ಲಿ ಅವನ ತಾಯಿ ಎದುರಾದರೆ ಮುಖ ಎಲ್ಲಿಡುವುದು? ಅಪರಿಚಿತನ ಹತ್ತಿರ ಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಅಡ್ಡಿಲ್ಲೆ ಎಂದು ಹೇಳಿ ಫೋನಿಟ್ಟೆ. ನಮ್ಮ ಕಡೆ ಅಡ್ಡಿಲ್ಲೆ ಎಂದರೆ ಬಹಳಷ್ಟು ಸಲ ಎದೆ ಒಡೆದಿದೆ ಎಂದೇ ಅರ್ಥ.

ಶಿರಸಿ ಪೇಟೆಯ ರಿಪೇರಿಯವನು ಅದರ ಬೆನ್ನು ಬಿಚ್ಚಿ ನೋಡಿ ತಲೆಯಾಡಿಸಿದ. ‘ಸರ್, ಇದು ನೀರು ಕುಡಿದ ಫೋನು. ಒಳಗೆ ಬೋರ್ಡಿಗೇ ತುಕ್ಕು ಹಿಡದದೆ. ಕ್ಯಾಮೆರಾ ಬದಲು ಮಾಡಿದ್ರೂ ಬರೂದಿಲ್ಲ. ಉಳಿದದ್ದು ಹೋಗದಿದ್ರೆ ನಿಮ್ಮ ಪುಣ್ಯ’ ಎಂದ. ಕಣ್ಣಿನ ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಈಗ ನಮ್ಮ ಸಂಜೆಯ ವ್ಯವಸ್ಥೆ ಹೀಗಿದೆ. ಬೀರುವಿನ ಕನ್ನಡಿಯ ಎದುರು ಒಂದು ಸ್ಟೂಲು. ಅದರ ಮೇಲೆ ಎರಡು ದಪ್ಪ ಸಂಸ್ಕೃತ ನಿಘಂಟು, ನಡುವೆ ಸಿಕ್ಕಿಸಿದ ಫೋನು. ಫೋನಿನ ಬೆನ್ನು ಕನ್ನಡಿಗೆ, ತೆರೆ ನನಗೆ. ಅದು ಕನ್ನಡಿಯಲ್ಲಿರುವ ನನ್ನನ್ನು ಅಕ್ಕನಿಗೆ ಕಳಿಸುತ್ತದೆ. ನಿಘಂಟುಗಳು ನಿವೃತ್ತಿಯ ನಂತರ ಮೊದಲ ಸಲ ಸಂಭಾಷಣೆಗೆ ನೆರವಾಗುತ್ತಿವೆ. ತೊಂದರೆ ಏನೆಂದರೆ ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ನಮ್ಮ ಮನೆಯಲ್ಲಿ ನೆಂಟರು ಬಂದಿದ್ದಾರೆ ಎಂದು ನಾನು ಹೇಳಿದರೆ ಅಕ್ಕ ಅವಳ ಮನೆಯ ಬಾಗಿಲ ಕಡೆ ಎದ್ದು ನೋಡುತ್ತಾಳೆ. ನಾನು ತಿದ್ದುತ್ತೇನೆ, ತಿದ್ದುಪಡಿಯೂ ತಿರುಗಿ ಹೋಗುತ್ತದೆ.

ಒಂದು ಭಾನುವಾರ ಹೇರೂರಿಗೆ ಬಸ್ಸು ಹಿಡಿದು ಹೋಗಿ, ಅಕ್ಕನ ಎದುರು ಕೂತು ಶ್ರೀಪಾದನ ಕಥೆಯನ್ನೆಲ್ಲ ಕೈಯಲ್ಲಿ ಹೇಳಿದೆ. ತೊಡೆದೇವು, ತುಪ್ಪ, ನೆಂಟಸ್ತಿಕೆ, ಎಲ್ಲ. ಅವಳು ಕೇಳಿದ್ದು ಒಂದೇ: ನೋಡಲಿಲ್ಲವಾ? ಶಾಸ್ತ್ರದಲ್ಲಿ ಅರಿವಿಗೆ ನಾಲ್ಕು ದಾರಿ ಹೇಳುತ್ತಾರೆ. ಕಣ್ಣಾರೆ ಕಾಣುವ ಪ್ರತ್ಯಕ್ಷ ಮೊದಲನೆಯದು, ನಂಬಿದವರ ಮಾತು ಕೊನೆಯದು. ಅದನ್ನು ಕಲಿಸಿದ ನಾನು ಮೊದಲನೆಯದನ್ನು ಬಿಟ್ಟು ಕೊನೆಯದನ್ನು ಹಿಡಿದೆ. ಅಕ್ಕನಿಗೆ ಇರುವುದು ಮೊದಲನೆಯದೊಂದೇ. ಬಳೆಗಾರನಿಗೂ ಸೀರೆಯವನಿಗೂ ಅವಳಿಗೆ ಟೋಪಿ ಹಾಕಲು ಆಗಿಲ್ಲ. ಅವಳನ್ನು ಯಾರ ಮನೆ ಎಂದು ಕೇಳಿ ಮರುಳು ಮಾಡುವುದು ಹೇಗೆ? ನೋಡುತ್ತಾಳೆ, ತಿರುಗಿಸಿ ನೋಡುತ್ತಾಳೆ, ಬೇಡವಾದರೆ ಕಿವಿ ಮುಟ್ಟಿ ಕೈ ಕೊಡವುತ್ತಾಳೆ. ಅಂಥವಳ ಪ್ರತ್ಯಕ್ಷವನ್ನೇ ದೇವರು ಅಂಚಿನಿಂದ ಕತ್ತರಿಸುತ್ತ ಬರುತ್ತಿದ್ದಾನೆ. ನನ್ನಂಥವನಿಗೆ ಎರಡು ಕಣ್ಣು ಕೊಟ್ಟು ಬಳಸದೆ ಇಡಲು ಬಿಟ್ಟಿದ್ದಾನೆ. ಇದಕ್ಕೆ ಯಾವ ಶಾಸ್ತ್ರದಲ್ಲೂ ಸಮಾಧಾನ ಸಿಕ್ಕಿಲ್ಲ, ಹುಡುಕುವುದನ್ನೂ ಬಿಟ್ಟಿದ್ದೇನೆ.

ಆವತ್ತು ನನ್ನ ಫೋನಿಗೂ ಅಕ್ಕ ಕಿವಿ ಮುಟ್ಟಿ ಕೈ ಕೊಡವುತ್ತಾಳೆ ಎಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿ, ನನ್ನ ಕಿಸೆಗೇ ಹಾಕಿದಳು.

ಕೆಲವು ಸಂಜೆ ಈಗ ಅಕ್ಕ ತಡವಾಗಿ ಉತ್ತರಿಸುತ್ತಾಳೆ. ನಾನು ಹೆಬ್ಬೆರಳು ಬಾಯಿಗಿಟ್ಟು ನಿಂತಿರುತ್ತೇನೆ, ಅವಳು ಎಲ್ಲೋ ನೋಡುತ್ತಿರುತ್ತಾಳೆ. ಆಗ ನಾನು ಅವಸರದಿಂದ ನಿಘಂಟು ಸರಿಸಿ ಫೋನನ್ನು ತಟ್ಟುತ್ತೇನೆ, ಬೆನ್ನು ಒರೆಸುತ್ತೇನೆ, ಆರಿಸಿ ಹಚ್ಚುತ್ತೇನೆ. ಇದರದ್ದೇ ತಪ್ಪಿರಲಿ ದೇವರೇ ಎಂದು ಬೇಡಿಕೊಳ್ಳುತ್ತೇನೆ. ಇಲ್ಲಿಯ ತನಕ ಪ್ರತಿ ಸಲವೂ ಇದರದ್ದೇ ತಪ್ಪಾಗಿತ್ತು. ಶ್ರೀಪಾದನನ್ನು ಬೈಯುವುದನ್ನು ಹಾಗಾಗಿ ಬಿಟ್ಟಿದ್ದೇನೆ.

ಈ ಸಲ ಗೌರಿಹಬ್ಬಕ್ಕೆ ಹೇಗಾದರೂ ಮಾಡಿ ಹೊಸದೇ ಕೊಳ್ಳುವ ಎನ್ನುತ್ತಾಳೆ ಶಾರದೆ. ಅಂಗಡಿಯದ್ದು, ಬಿಲ್ಲಿರುವುದು, ಎರಡೂ ಕಡೆ ಕ್ಯಾಮೆರಾ ಸರಿಯಿರುವುದು. ಆಗಲಿ ನೋಡುವ ಎನ್ನುತ್ತ ದಿನ ತಳ್ಳುತ್ತಿದ್ದೇನೆ. ಹಳೆಯದನ್ನು ಕೊಳ್ಳುವಾಗ ನನಗೆ ಇಲ್ಲದಿದ್ದ ಹೆದರಿಕೆ ಹೊಸದಕ್ಕೆ ಶುರುವಾಗಿದೆ. ಅದರಲ್ಲಿ ಯಾವ ದೋಷವೂ ಇರುವುದಿಲ್ಲವಲ್ಲ.